ಪರಸ್ಥಳದವನ ಕೈ

"ನಿನಗ ಈ ಸೀಮ್ಯಾಗ ಯಾರರ ಅದಾರೇನು? ಅಣ್ಣ-ತಮ್ಮ, ಅತ್ತಿ-ಮಾವ, ಬೀಗರು-ಬಿಜ್ಜರು, ಯಾರರ?"

ಕೃಷ್ಣೆಯ ದಂಡೆಯ ಆ ಹಳ್ಳಿಯಲ್ಲಿ ನನ್ನನ್ನು ಎದುರುಗೊಂಡ ಮೊದಲ ಪ್ರಶ್ನೆ ಇದು. ಕೇಳಿದವಳು ಯಂಕವ್ವ. ಗಂಡ ಸತ್ತ ಮೇಲೆ ತಾನೇ ಬಲೆ ಬೀಸಿ ಮನೆ ನಡೆಸುತ್ತಿದ್ದ ಹೆಂಗಸು. ನಾನು ಬಂಡಿಯಿಂದ ಇಳಿದಿದ್ದೆ, ಹಾಸಿಗೆಯ ಸುರುಳಿಯನ್ನು ಇನ್ನೂ ನೆಲಕ್ಕೆ ಇಟ್ಟಿರಲಿಲ್ಲ. ಯಾರೂ ಇಲ್ಲ ಎಂದೆ. ಅವಳು ನನ್ನ ಬಲಗೈಯನ್ನು ಹಿಡಿದು, ಸಂತೆಯಲ್ಲಿ ಬದನೆಕಾಯಿ ಆರಿಸುವ ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡಿ, ಸುತ್ತ ನಿಂತವರಿಗೆ ಹೇಳಿದಳು: "ಚಲೋ ಆತು ಬಿಡ್ರಿ. ಇಂವಗ ಯಾರೂ ಇಲ್ಲಂತ."

ಎಲ್ಲರ ಮುಖ ಅರಳಿತು. ನಮ್ಮ ಕಡೆ ಒಬ್ಬನಿಗೆ ಹಿಂದೆ ಮುಂದೆ ಯಾರೂ ಇಲ್ಲ ಎಂದರೆ 'ಅಯ್ಯೋ ಪಾಪ' ಎನ್ನುತ್ತಾರೆ. ಇಲ್ಲಿ ಹಬ್ಬಕ್ಕೆ ನೆಂಟ ಬಂದಂತೆ ಸಂಭ್ರಮಪಟ್ಟರು. ನನಗೆ ಅಳು ಬಂತು. ಆ ಸಂಭ್ರಮದ ಕಾರಣ ತಿಳಿಯಲು ಕೆಲವು ತಿಂಗಳು ಬೇಕಾಯಿತು. ಅದನ್ನೇ ಬರೆಯಲು ಕೂತಿದ್ದೇನೆ.

ನಮ್ಮ ನರಸೀಪುರದ ಪತ್ರಿಕೆಯವರು ನನ್ನಿಂದ ಬಯಸಿದ್ದು ಬೇರೆ. "ನಿಜಾಮರ ಕಾಲದಲ್ಲೇ ಅಷ್ಟು ದೂರ ಹೋಗಿ ನೆಲೆಸಿದವರು ನೀವು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಆ ಜನರ ದೊಡ್ಡ ಮನಸ್ಸು, ಇದರ ಬಗ್ಗೆ ನಾಲ್ಕು ಸಿಹಿ ಮಾತು ಬರೆದುಕೊಡಿ" ಎಂದರು. ಸಿಹಿ ಮಾತಂತೆ! ಊರು ಬಿಟ್ಟು ಹೋದವನು ಮುದುಕನಾದ ಮೇಲೆ ಊರಿನವರಿಗೆ ಉಪ್ಪಿನಕಾಯಿಯ ಹಾಗೆ ಬೇಕಾಗುತ್ತಾನೆ, ಊಟದ ಪಕ್ಕದಲ್ಲಿ ಒಂದಿಷ್ಟು. ರೊಟ್ಟಿಯ ಬಗ್ಗೆ ಬರೆಯುತ್ತೇನೆ. ಆ ರೊಟ್ಟಿಯ ಋಣವನ್ನು ಹೇಗೆ ತೀರಿಸಿದೆ ಎಂಬುದನ್ನೂ ಬರೆಯುತ್ತೇನೆ. ಅಚ್ಚು ಹಾಕಲು ಧೈರ್ಯವಿದ್ದರೆ ಹಾಕಲಿ.

ಹೊರಗೆ ಯುದ್ಧ ನಡೆಯುತ್ತಿದ್ದ ಕಾಲ ಅದು. ಹೈಸ್ಕೂಲು ಮುಗಿಸಿ ಕೆಲಸವಿಲ್ಲದೆ ಕಾವೇರಿ ಮೆಟ್ಟಿಲ ಮೇಲೆ ಕಾಲ ಕಳೆಯುತ್ತಿದ್ದ ನನ್ನನ್ನು ರೈಲ್ವೆಯಲ್ಲಿದ್ದ ಸೋದರಮಾವ ರಾಯಚೂರಿಗೆ ಕರೆಸಿಕೊಂಡು, ಅಲ್ಲಿಂದ ಯಾದಗಿರಿಯ ಒಬ್ಬ ಶೇಂಗಾ ವ್ಯಾಪಾರಿಗೆ ಗುಮಾಸ್ತನಾಗಿ ಒಪ್ಪಿಸಿದರು. ಶೇಂಗಾ ಎಂದರೆ ನಮ್ಮ ಕಡಲೆಕಾಯಿ. ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದಾಗ ಗೋಡೆಯ ಮೇಲೆ, ಅಂಗಡಿಯ ಮೇಲೆ, ಕಚೇರಿಯ ಬಾಗಿಲ ಮೇಲೆ ಇದ್ದುದೆಲ್ಲ ಉರ್ದು. ನಮ್ಮ ಬೀದಿಗೇ ಓದು ಬಲ್ಲವನು ನಾನೊಬ್ಬ ಎಂದು ಮೆರೆದಿದ್ದವನು ಇಲ್ಲಿ ಒಂದು ಬೋರ್ಡು ಓದಲಾರದೆ, ಎತ್ತಿನ ಬಂಡಿಯವನನ್ನು ಕೇಳಿ ಕೇಳಿ ದಾರಿ ಹಿಡಿದೆ. ಶಹಾಪುರದ ಬೋಳು ಬಂಡೆಗುಡ್ಡಗಳನ್ನು ದಾಟಿ, ಸುರಪುರದ ಏರು ಹತ್ತಿ ಇಳಿದು, ಕೊನೆಗೆ ಹೊಳೆ ಮುಟ್ಟಿದೆ. ತಿಂಥಣಿಯಿಂದ ಸ್ವಲ್ಪ ಮೇಲೆ, ಹರಿಗೋಲು ದಾಟುವ ಕಡೆ, ಆಚೆ ದಡದಿಂದ ಬರುವ ಶೇಂಗಾ ತೂಗಿಸಿಕೊಳ್ಳಲು ವ್ಯಾಪಾರಿಯದೊಂದು ಗೋದಾಮು. ಅದಕ್ಕೆ ನಾನೇ ಗುಮಾಸ್ತ, ನಾನೇ ಕಾವಲು. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿ ನನ್ನ ಮಕ್ಕಳು ಮೊಮ್ಮಕ್ಕಳು ಇದ್ದಾರೆ.

ಹೊಳೆ ಎಂದರೆ ಹೊಳೆ ಎಂದುಕೊಂಡಿದ್ದೆ. ಕಾವೇರಿ ನಮ್ಮ ಕಡೆ ಗದ್ದೆಯ ಮಗ್ಗುಲಲ್ಲಿ ಮಲಗಿಕೊಂಡೇ ಹರಿಯುತ್ತಾಳೆ. ಇಲ್ಲಿ ಕೃಷ್ಣೆ ಮಳೆಗಾಲದಲ್ಲಿ ಎಮ್ಮೆಯನ್ನು ಎಳೆದೊಯ್ಯುತ್ತಾಳೆ, ಬೇಸಿಗೆಯಲ್ಲಿ ಕರಿಬಂಡೆಗಳ ನಡುವೆ ಮಡುಮಡುವಾಗಿ ಒಡೆದು ನಿಂತುಬಿಡುತ್ತಾಳೆ. ಊಟವೂ ಹಾಗೇ. ನಮ್ಮ ಮೀನಿನ ಹುಳಿಗೆ ಹುಣಿಸೆ ಮುಂದು, ಇವರ ಮೀನಿಗೆ ಖಾರ ಮುಂದು. ಮುದ್ದೆ ನುಂಗಿ ಬೆಳೆದ ಗಂಟಲಿಗೆ ಕಟಿ ರೊಟ್ಟಿ, ಅಂದರೆ ಒಣಗಿಸಿ ಇಟ್ಟ ಜೋಳದ ರೊಟ್ಟಿ, ಮೊದಲ ವಾರ ಹೆಂಚಿನ ಚೂರಿನ ಹಾಗಿತ್ತು. ನಾನು ಬಾಡಿಗೆಗೆ ಇದ್ದದ್ದು ಅಂಬಿಗರ ಹಿರಿಯ ಸಾಬಣ್ಣನ ಪಡಸಾಲೆಯಲ್ಲಿ, ರಾತ್ರಿ ಮಾತ್ರ ಕಾವಲಿಗೆಂದು ಗೋದಾಮಿನ ಚೀಲಗಳ ಮೇಲೆ ಮಲಗುತ್ತಿದ್ದೆ. ಅವನ ಮಗಳು ಶರಣವ್ವ ನಾನು ರೊಟ್ಟಿಯನ್ನು ನೀರಲ್ಲಿ ಅದ್ದುವುದನ್ನು ಬಾಗಿಲ ಸಂದಿಯಿಂದ ನೋಡಿ, "ಯವ್ವಾ, ಇಂವ ರೊಟ್ಟಿಗಿ ಜಳಕ ಮಾಡಸಾಕತ್ತಾನ!" ಎಂದು ಕೂಗಿದಳು. ಮನೆಯೆಲ್ಲ ನಕ್ಕಿತು.

ಮಾತಿಗಂತೂ ಇನ್ನೂ ನಗು. ನಾನು "ಇಲ್ಲ ಕಣಪ್ಪ", "ಹೌದು ಕಣಮ್ಮ" ಎಂದಾಗೆಲ್ಲ ಹೊಳೆದಂಡೆಯ ಜನ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ನನ್ನ ಹೆಸರು ನಂಜಯ್ಯ. ತಿಂಗಳೊಳಗೆ ಅದು ಮಾಯವಾಗಿ ನಾನು 'ಕಣಪ್ಪ' ಆದೆ. ಅವರ ಮಾತು ನನಗೆ ಬೈಗುಳದ ಹಾಗೆ ಕೇಳುತ್ತಿತ್ತು, ನನ್ನ ಮಾತು ಅವರಿಗೆ ಲಾಲಿಯ ಹಾಗೆ. "ಏ ಕಣಪ್ಪಾ, ಒಂದ್ ಸಲ ಬೈಯಲೇ ನಮಗ, ನಿದ್ದಿ ಬರವಲ್ದು" ಎಂದು ಅಂಬಿಗರು ಹರಿಗೋಲಿನಿಂದ ಕೂಗುತ್ತಿದ್ದರು. ಇದನ್ನು ಪ್ರೀತಿ ಎಂದು ತಿಳಿಯಲು ನನಗೆ ವಯಸ್ಸಿರಲಿಲ್ಲ. ಗೋದಾಮಿನಲ್ಲಿ ಚೀಲಗಳ ಮೇಲೆ ಒಬ್ಬನೇ ಕೂತು, ಈ ಮುಖಗಳಲ್ಲಿ ಒಂದಾದರೂ ನನ್ನನ್ನು ತನ್ನವನು ಎನ್ನಬಾರದೇ ಎಂದು ಹಲ್ಲು ಕಚ್ಚುತ್ತಿದ್ದೆ. ಯಂಕವ್ವ ಮಾತ್ರ ದಿನ ಬಿಟ್ಟು ದಿನ ಎಲೆಯಲ್ಲಿ ಸುತ್ತಿದ ಹುರಿದ ಮೀನು ಇಟ್ಟು ಹೋಗುತ್ತಿದ್ದಳು. "ತಿನ್ನೋ ತಮ್ಮಾ, ಪರಸ್ಥಳದಾಂವ ಸೊರಗಬಾರ್ದು." ಅದೂ ನನಗೆ ಸಿಟ್ಟು ತರಿಸುತ್ತಿತ್ತು. ಅವಳ ಬಾಯಲ್ಲಿ ನಾನು ಯಾವಾಗಲೂ ಪರಸ್ಥಳದವನೇ.

ಗೆಳೆತನ ಸಿಕ್ಕಿದ್ದು ಸುರಪುರದಲ್ಲಿ. ಸಂತೆಯ ದಿನ ವ್ಯಾಪಾರಿಯ ಕೆಲಸಕ್ಕೆ ಹೋದಾಗ ಖಾಜಾಸಾಬ ಎಂಬ ದರ್ಜಿಯ ಕಟ್ಟೆಯಲ್ಲಿ ಕೂರುತ್ತಿದ್ದೆ. ಅಲ್ಲಿ ಮೂರ್ನಾಲ್ಕು ಜನ ಚಹಾ ಕುಡಿಯುತ್ತ ಇಸ್ಪೀಟು ಆಡುತ್ತಿದ್ದರು. ಇಸ್ಪೀಟಿಗೆ ಅವರು ಪತ್ತಾ ಎನ್ನುತ್ತಾರೆ, ನಮ್ಮ ರಾಜನಿಗೆ ಬಾದಶಾ. ಎಕ್ಕ ಎರಡೂ ಕಡೆ ಎಕ್ಕವೇ, ಅದೊಂದು ಸಮಾಧಾನ. ಆಟದಲ್ಲಿ ಸೋತು ಸೋತು ಮುಖ ಸಣ್ಣ ಮಾಡಿಕೊಂಡಿದ್ದ ನನಗೆ ಖಾಜಾಸಾಬ ಒಂದು ಸಂಜೆ, "ಬರ್ರಿ ಬಾಬು, ಆಡಾಕ ಬರಲಿಲ್ಲಂದ್ರ ಏನಾತು, ಮಂದೀನ ಬೆರಗ ಮಾಡಾಕ ಕಲೀರಿ" ಎಂದ.

ಅವನು ಕಲಿಸಿದ ಚಮತ್ಕಾರ ಮಗುವಿಗೂ ಬರುವಂಥದ್ದು. ಕಟ್ಟಿನ ಎಲ್ಲಕ್ಕಿಂತ ಮೇಲಿನ ಎಲೆ ಯಾವುದೆಂದು ಮೊದಲೇ ಕದ್ದು ನೋಡಿಕೊಂಡಿರಬೇಕು. ಎದುರಿನವನಿಗೆ ಕಟ್ಟನ್ನು ತನಗೆ ಬೇಕಾದಲ್ಲಿ ಕತ್ತರಿಸಲು ಹೇಳಬೇಕು. ಅವನು ಮೇಲಿನ ಭಾಗವನ್ನು ಎತ್ತಿ ಪಕ್ಕಕ್ಕೆ ಇಡುತ್ತಾನೆ. ಉಳಿದ ಭಾಗವನ್ನು ನಾವು ತೆಗೆದು, 'ನೀವು ಕತ್ತರಿಸಿದ ಜಾಗ ಗುರುತಿರಲಿ' ಎಂದು, ಅವನು ಇಟ್ಟದ್ದರ ಮೇಲೆ ಅಡ್ಡಲಾಗಿ ಇಡಬೇಕು. ಆಮೇಲೆ ಸ್ವಲ್ಪ ಹೊತ್ತು ಏನಾದರೂ ಮಾತಾಡಬೇಕು. ಮಾತು ಮುಗಿದ ಮೇಲೆ ಅಡ್ಡ ಇಟ್ಟದ್ದನ್ನು ಎತ್ತಿ, ಅದರ ಅಡಿಯಲ್ಲಿರುವ ಎಲೆಯನ್ನು 'ನೀವು ಕತ್ತರಿಸಿ ತೆಗೆದದ್ದು ಇದೇ' ಎಂದು ಕೊಡಬೇಕು. ಅದು ಅವನು ಕತ್ತರಿಸಿದ ಎಲೆಯಲ್ಲ, ಮೊದಲಿನಿಂದ ಮೇಲೆಯೇ ಇದ್ದ, ನಮಗೆ ಗೊತ್ತಿದ್ದ ಎಲೆ. ಆದರೆ ನಡುವಿನ ಮಾತಿನಲ್ಲಿ ಯಾವ ಭಾಗ ಮೇಲಿತ್ತು, ಯಾವುದು ಕೆಳಗಿತ್ತು ಎಂಬುದು ಅವನಿಗೆ ಮರೆತುಹೋಗಿರುತ್ತದೆ.

ಮೊದಲ ಸಲ ನಾನು ಮಾಡಿದಾಗ ಕಟ್ಟೆಯಲ್ಲಿದ್ದವರು ಕೂಡಲೇ ಹಿಡಿದುಬಿಟ್ಟರು. ನಾನು ಬಾಯಿ ಬಿಗಿದುಕೊಂಡು ಕೈಯನ್ನೇ ನೋಡುತ್ತಿದ್ದೆ.

"ಅರೇ, ಕೈ ಯಾಕ ನೋಡ್ತೀರಿ? ನೀವು ಕೈ ನೋಡಿದ್ರ ಅವರೂ ಕೈನ ನೋಡ್ತಾರ" ಎಂದು ಖಾಜಾಸಾಬ ಗದರಿದ. "ಬಾಯಿ ಬಿಡ್ರಿ. ನಿಮ್ಮ ಆ ಮೈಸೂರ ಮಾತು ಐತಲ್ಲ, ಅದನ್ನ ಹಚ್ರಿ. ಮಂದಿ ನಗೂದ್ರಾಗ ಅರ್ಧಾ ಮರೀತಾರ."

ಮರುವಾರ ಎಲೆಗಳನ್ನು ಅಡ್ಡ ಇಟ್ಟು, "ಸ್ವಲ್ಪ ತಾಳ್ಕೊಳಿ ಕಣಣ್ಣ, ಎಲೆ ಯೋಚ್ನೆ ಮಾಡ್ತಾ ಐತೆ" ಎಂದೆ. ಕಟ್ಟೆ ಬಿದ್ದು ಬಿದ್ದು ನಕ್ಕಿತು. ನಗು ಮುಗಿಯುವಷ್ಟರಲ್ಲಿ ಎಲೆ ತೋರಿಸಿದೆ. ಎಲ್ಲರೂ ಬಾಯಿ ಬಿಟ್ಟರು. ಬೀದಿಯಲ್ಲಿ ಹೋಗುವವರು ನಿಂತರು. ಒಣಮೀನು ಮಾರಲು ಬಂದಿದ್ದ ಯಂಕವ್ವನ ಮಗಳು ನಾಗವ್ವನೂ ಬುಟ್ಟಿ ಹೊತ್ತುಕೊಂಡೇ ನಿಂತು ನೋಡಿದಳು. ಮತ್ತೆ ಮಾಡಿಸಿದರು, ಮತ್ತೆ ಮಾಡಿದೆ. ಅಷ್ಟು ದಿನ ಯಾವ ಮಾತಿಗೆ ನನ್ನನ್ನು ಹಾಸ್ಯ ಮಾಡುತ್ತಿದ್ದರೋ ಆ ಮಾತಿನಿಂದಲೇ ಅವರನ್ನು ಕುರುಡರನ್ನಾಗಿ ಮಾಡಿದ್ದೆ. ಗೆದ್ದೆ ಎಂದು ಹಿಗ್ಗಿದೆ. ನಮ್ಮವ್ವ ನನಗೆ ಅನ್ನ ಕಲೆಸಿ ಕೊಡುತ್ತ ಆಡಿದ ಮಾತು ಅದು. ಅದನ್ನು ಪರದೆ ಮಾಡಿಕೊಂಡೆ.

ಈಗ ಹೊಳೆಯ ಪದ್ಧತಿ ಹೇಳಬೇಕು. ಸಂಕ್ರಾಂತಿ ಕಳೆದು ನೀರು ಇಳಿದು ಮಡುಗಳು ಬೇರೆಯಾದ ಮೇಲೆ, ಬೇಸಿಗೆ ಪೂರ್ತಿ ಯಾವ ಮನೆ ಯಾವ ಮಡುವಿನಲ್ಲಿ ಮೀನು ಹಿಡಿಯಬೇಕು ಎಂದು ಅಂಬಿಗರು ವರ್ಷಕ್ಕೊಮ್ಮೆ ಹಂಚಿಕೊಳ್ಳುತ್ತಿದ್ದರು. ಹಿರೇಮಡು ಒಂದೇ ಎಂಥ ಬಿಸಿಲಿಗೂ ಬತ್ತುವುದಿಲ್ಲ. ಉಳಿದವು ಒಂದೊಂದಾಗಿ ಒಣಗುತ್ತವೆ. ಹಿರೇಮಡು ಸಿಕ್ಕ ಮನೆ ಬೇಸಿಗೆಯಲ್ಲಿ ಉಣ್ಣುತ್ತದೆ, ಸಿಗದ ಮನೆ ಕೂಲಿಗೆ ಹೋಗುತ್ತದೆ. ಹಂಚುವ ಕೈ ಆ ಊರಿನದಾಗಿರಬಾರದು, ಆ ಊರಿನ ಬೀಗರದೂ ಆಗಿರಬಾರದು. ತಿಂಥಣಿಗೆ ಹೋಗುವ ದಾರಿಯ ಯಾವನಾದರೂ ಯಾತ್ರಿಕನನ್ನು, ಜೋಗಿಯನ್ನು ಹಿಡಿದು ಕೂರಿಸಿ, ನೀರಿನ ಕೊಡದಿಂದ ಪ್ರತಿ ಮನೆಯ ಗುರುತಿನ ಗುಂಡುಕಲ್ಲನ್ನು ಎತ್ತಿಸುತ್ತಿದ್ದರು. ಮೊದಲು ಬಂದ ಕಲ್ಲಿನ ಮನೆಗೆ ಹಿರೇಮಡು. ಪರಸ್ಥಳದವನ ಕೈ ಎಂದರೆ ಹೊಳೆವ್ವನ ಕೈ. ಯಂಕವ್ವ ನನ್ನ ಕೈ ತಿರುಗಿಸಿ ನೋಡಿದ್ದು ಇದಕ್ಕೆ. ಯಾರೂ ಇಲ್ಲದವನೊಬ್ಬ ಊರಲ್ಲೇ ಬಂದು ನಿಂತಿದ್ದು ಅವರಿಗೆ ಹಬ್ಬ.

ನಮ್ಮ ಕಾವೇರಿ ದಂಡೆಯಲ್ಲಿ ಇಂಥ ಹಂಚಿಕೆಯನ್ನು ಯಜಮಾನ ಮಾಡುತ್ತಿದ್ದ, ಯಜಮಾನನ ಅಳಿಯಂದಿರು ಗುಂಡಗೆ ಇರುತ್ತಿದ್ದರು. ಈ ಒರಟು ಜನ ಅದಕ್ಕಿಂತ ಎಷ್ಟೋ ಮೇಲಿನದೊಂದನ್ನು ಕಟ್ಟಿಕೊಂಡಿದ್ದರು. ಅದನ್ನು ನಾನು ಮೆಚ್ಚಲಿಲ್ಲ. ನನಗೆ ಅವಮಾನವಾಯಿತು. ನಾನು ಯಾರಿಗೂ ಏನೂ ಅಲ್ಲ ಎಂಬುದೇ ಇವರಿಗೆ ಬೇಕಾಗಿದೆ ಎಂದು ಕುದಿದೆ.

ಹಿಂದಿನ ವರ್ಷ ಗುಂಡುಕಲ್ಲಿನ ಬಗ್ಗೆ ಜಗಳವಾಗಿತ್ತಂತೆ. ಯಾರೋ ಒರಟು ಕಲ್ಲು ಹಾಕಿ ಜೋಗಿಗೆ ಗುರುತು ಹೇಳಿದ್ದರು ಎಂದು ಮಾತು. ಅದನ್ನೇ ನೆಪ ಮಾಡಿಕೊಂಡು ಊರ ಪಟೇಲ, "ಈ ಸಲ ನಾನ ಹಂಚತೀನಿ, ಕಲ್ಲೂ ಬ್ಯಾಡ ಜೋಗೀನೂ ಬ್ಯಾಡ" ಎಂದು ಕಟ್ಟೆಯಲ್ಲಿ ಕೂತು ಹೇಳಿದ. ನಿಜಾಮರ ಕಾಲದ ಪಟೇಲನೆಂದರೆ ಮಾತು ಮುಗಿದಂತೆ. ಎಲ್ಲರೂ ತಲೆ ತಗ್ಗಿಸಿದರು. ಯಂಕವ್ವ ಒಬ್ಬಳೇ ಎದ್ದಳು.

"ಗೌಡ್ರ, ನಿಮ್ಮ ಕೈ ದೊಡ್ಡದೈತ್ರಿ, ಇಲ್ಲಂದಿಲ್ಲ. ಖರೇ ಅದಕ್ಕ ಬೀಗರು ಭಾಳ. ನಮ್ಮಂಥ ರಂಡಿಮುಂಡಿ ಮನಿಗಿ ಹಿರೇಮಡು ಸಿಗೂದು ಪರಸ್ಥಳದ ಕೈಯಾಗ ಒಂದ. ಕಣಪ್ಪ ಅದಾನ. ಅಂವಗ ಯಾರ ಹಂಗೂ ಇಲ್ಲ. ಅಂವನ ಹಂಚಲಿ."

"ಕಲ್ಲಿನ ಜಗಳ ಮತ್ತ ಹತ್ತತೈತಿ" ಎಂದ ಪಟೇಲ.

ಆಗ ಸಾಬಣ್ಣ ಮೆತ್ತಗೆ ಬಾಯಿ ಹಾಕಿದ. "ಕಲ್ಲ ಬ್ಯಾಡ್ರಿ. ಪತ್ತಾ ಇರ್ಲಿ. ಮನಿಗಿ ಒಬ್ರು ಕತ್ತರಸ್ರಿ, ದೊಡ್ಡ ಎಲಿ ಯಾರಿಗಿ ಬಿತ್ತೋ ಅವರದು ದೊಡ್ಡ ಮಡು. ಮುಂದಿಂದೂ ಹಂಗ. ಕೈ ಕಣಪ್ಪಂದ ಇರ್ಲಿ."

ಊರಿಗೆ ಅದು ನ್ಯಾಯವಾಗಿ ಕಂಡಿತು. ಪಟೇಲ ಮುಖ ಗಂಟಿಕ್ಕಿಕೊಂಡು ಒಪ್ಪಿದ. ಸಾಬಣ್ಣನಿಗೆ ಪತ್ತಾ ಹೊಳೆದದ್ದು ಹೇಗೆಂದು ನನಗೆ ಮಾತ್ರ ಗೊತ್ತಿತ್ತು. ಸುರಪುರದ ನನ್ನ ಗೆಲುವನ್ನು ಕೊಚ್ಚಿಕೊಂಡು ಅವನ ಪಡಸಾಲೆಯಲ್ಲೇ ಆ ಚಮತ್ಕಾರ ಮಾಡಿ ತೋರಿಸಿದ್ದೆ. ಅವನು ನಕ್ಕಿರಲಿಲ್ಲ. ಮತ್ತೊಮ್ಮೆ ಮಾಡು ಎಂದಿದ್ದ, ಗುಟ್ಟು ಹೇಳು ಎಂದಿದ್ದ. ಹೇಳಿದ್ದೆ.

ಹಂಚಿಕೆಯ ಹಿಂದಿನ ದಿನ ಮಧ್ಯಾಹ್ನ ಅವನು ನನ್ನನ್ನು ಪಡಸಾಲೆಯಿಂದ ಒಳಗೆ, ಅಡುಗೆಮನೆಯ ಎದುರಿಗೆ ಕರೆದು ಊಟಕ್ಕೆ ಕೂರಿಸಿಕೊಂಡ. ಅಲ್ಲಿಯವರೆಗೆ ನಾನು ಒಳಗೆ ಕಾಲಿಟ್ಟಿರಲಿಲ್ಲ. ಬಿಸಿ ರೊಟ್ಟಿ ಬಿತ್ತು.

"ನಿಮ್ಮೂರಾಗ ನೀವು ಬೆಸ್ತರು, ಇಲ್ಲಿ ನಾವು ಅಂಬಿಗರು. ಹೊಳಿ ಬ್ಯಾರೆ, ಕಸುಬು ಒಂದ" ಎಂದು ಸಾಬಣ್ಣ ಶುರು ಮಾಡಿದ. "ಎಷ್ಟ ದಿನಾ ಅಂತ ಚೀಲದ ಮ್ಯಾಲ ಮಲಗ್ತಿ? ನಮ್ಮ ಶರಣಿಗಿ ಗಂಡ ನೋಡಾಕತ್ತೀನಿ. ನಮ್ಮಾಂವ ಆಗ್ತಿಯೇನು?"

ಒಲೆಯ ಮುಂದೆ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಆಗ್ತೀನಿ" ಎಂದೆ. ಯೋಚಿಸಲೇ ಇಲ್ಲ.

"ಮಾತ ಇಲ್ಲೇ ಇರ್ಲಿ. ನಾಳಿಗಿ ನೀ ಇನ್ನೂ ಪರಸ್ಥಳದಾಂವ. ನಾಡದಿಂದ ನಮ್ಮ ಮನಿ ಮಗ" ಎಂದ. ರೊಟ್ಟಿ ಮುರಿಯುತ್ತ, "ಎಕ್ಕಾ ನನಗ ಬರ್ಲಿ" ಎಂದ.

ಅವನು ಹೆದರಿಸಲಿಲ್ಲ. ಆಸೆಯ ಮಾತೂ ಹೆಚ್ಚು ಆಡಲಿಲ್ಲ. ನನ್ನ ಹಸಿವು ಎಲ್ಲಿದೆ ಎಂಬುದು ಆ ಮನುಷ್ಯನಿಗೆ ಗೊತ್ತಿತ್ತು, ಅಲ್ಲಿಗೆ ಕೈ ಇಟ್ಟ. ಅವನನ್ನು ನೆನೆದರೆ ಇಂದಿಗೂ ಮೈ ಉರಿಯುತ್ತದೆ. ಅವನು ಸತ್ತಾಗ ಹೆಗಲು ಕೊಟ್ಟವನೂ ನಾನೇ.

ಬೆಳಿಗ್ಗೆ ದಂಡೆಯ ಬೇವಿನ ಮರದ ಕೆಳಗೆ ಕಂಬಳಿ ಹಾಸಿ ನನ್ನನ್ನು ಕೂರಿಸಿದರು. ಕೈಯನ್ನು ಹೊಳೆಯ ನೀರಿನಿಂದ ತೊಳೆಸಿದರು. ತೊಳೆದವಳು ಯಂಕವ್ವ. ಎಲ್ಲರಿಗೂ ಕತ್ತರಿಸುವ ರೀತಿ ಒಂದೇ ಇರಲಿ ಎಂದು ಪ್ರತಿ ಮನೆಗೂ ಎಲೆಗಳನ್ನು ಅಡ್ಡ ಇಟ್ಟೇ ಕೊಟ್ಟೆ. ಎಲ್ಲಕ್ಕಿಂತ ದೊಡ್ಡ ಎಲೆಯಾದ ಹುಕುಮಿನ ಎಕ್ಕ ಕಟ್ಟಿನ ಅಡಿಯಲ್ಲೇ ಉಳಿಯುವಂತೆ ಕಲೆಸುತ್ತಿದ್ದೆ. ಉಳಿದವರಿಗೆ ಏನು ಬಂತೋ ಬರಲಿ ಎಂದು ಬಿಟ್ಟಿದ್ದೆ. ಒಬ್ಬನಿಗೆ ಪಂಜಿ, ಒಬ್ಬನಿಗೆ ನವ್ವಿ, ಒಬ್ಬನಿಗೆ ಗುಲಾಮ. ಯಂಕವ್ವ ಕಣ್ಣು ಮುಚ್ಚಿ, "ತಾಯಿ, ಒಂದ ಬ್ಯಾಸಗಿ" ಎಂದು ಕತ್ತರಿಸಿದಳು.

ಬಾದಶಾ ಬಂತು.

ಹೆಂಗಸರು ಓ ಎಂದರು. ಪಟೇಲನೂ ಕತ್ತು ಉದ್ದ ಮಾಡಿ ನೋಡಿದ. ಯಂಕವ್ವ ಎಲೆಯನ್ನು ಕಣ್ಣಿಗೆ ಒತ್ತಿಕೊಂಡು ನಾಗವ್ವನ ಕಡೆ ತಿರುಗಿ, "ಈ ವರ್ಷ ನಿನ್ನ ಲಗ್ನ ಮಾಡ್ತೀನಿ ನೋಡ" ಎಂದಳು. ಉಳಿದದ್ದು ಸಾಬಣ್ಣನ ಮನೆಯೊಂದೇ.

ಅಲ್ಲಿ ನಾನು ನಿಲ್ಲಿಸಬಹುದಿತ್ತು. ಎಕ್ಕವನ್ನು ಅಡಿಯಲ್ಲೇ ಬಿಟ್ಟಿದ್ದರೆ ಸಾಕಿತ್ತು, ಬೇರೇನೂ ಮಾಡಬೇಕಾಗಿರಲಿಲ್ಲ. ಸಾಬಣ್ಣ ಒಂದು ಮಾತಾಡುವಂತಿರಲಿಲ್ಲ. ನಾನು ಕಲೆಸಿದೆ, ಎಕ್ಕವನ್ನು ಮೇಲಕ್ಕೆ ತಂದೆ. ಅವನು ಕತ್ತರಿಸಿದ. ಅಡ್ಡ ಇಟ್ಟೆ. ಎಲ್ಲರ ಕಣ್ಣು ಎಲೆಗಳ ಮೇಲೆಯೇ ಇತ್ತು, ಹಿಂದೆಂದೂ ಇಲ್ಲದಷ್ಟು. ಅವರನ್ನು ನಗಿಸಲೇಬೇಕಾಯಿತು.

"ಸ್ವಲ್ಪ ತಾಳ್ಕೊಳಿ ಕಣಮ್ಮ" ಎಂದು ಯಂಕವ್ವನ ಕಡೆಗೇ ತಿರುಗಿ ರಾಗ ಎಳೆದೆ. "ಹೊಳೆಯಮ್ಮ ಇನ್ನೂ ಯೋಚ್ನೆ ಮಾಡ್ತವ್ಳೆ, ಆಮ್ಯಾಕೆ ಏಳ್ತಾಳಂತೆ!"

ದಂಡೆಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಯಂಕವ್ವ. "ಎಷ್ಟ ಚಂದ ಮಾತಾಡ್ತಾನವ್ವ ನನ ಹಾಟ್ಯಾ" ಎಂದು ಮುದ್ದಿನಿಂದ ಬೈದು ಕಣ್ಣೊರೆಸಿಕೊಂಡಳು. ಅವಳು ಕಣ್ಣೊರೆಸಿಕೊಳ್ಳುತ್ತಿರುವಾಗ ನಾನು ಎಕ್ಕವನ್ನು ಎತ್ತಿ ತೋರಿಸಿದೆ.

ಎಲೆಗಳ ಮೇಲೆ ಮಡುಗಳು ಹಂಚಿಕೆಯಾದಾಗ ಬಾದಶಾನಿಗೆ ಎರಡನೆಯ ಮಡು ಸಿಕ್ಕಿತು. ಆ ವರ್ಷ ಬಿಸಿಲು ಬೇಗ ಬಂತು. ಯುಗಾದಿಗೆಲ್ಲ ಅದರ ತಳದ ಮಣ್ಣು ಬಿರುಕು ಬಿಟ್ಟಿತ್ತು. ಎರಡನೆಯದು ಬಾದಶಾನದಾದರೂ ನೀರಿಗೆ ಆ ಲೆಕ್ಕ ಗೊತ್ತಿಲ್ಲ.

ನನ್ನ ಲಗ್ನ ಗೊತ್ತಾದಾಗ ಊರಿನಲ್ಲಿ ಗುಸುಗುಸು ಎದ್ದಿತು. ಆದರೆ ಹಂಚಿಕೆ ಆದ ಮೇಲೆ ಆದ ಸಂಬಂಧ ಅದು ಎಂದು ಸಾಬಣ್ಣ ಎಲ್ಲರ ಬಾಯಿ ಮುಚ್ಚಿಸಿದ. ಯಂಕವ್ವ ಮದುವೆಗೆ ಬಂದಳು. ಅಕ್ಕಿಕಾಳು ಹಾಕಿ ನನ್ನ ಮುಖ ನೋಡಿದಳು. ತಮ್ಮಾ ಎನ್ನಲಿಲ್ಲ. "ಈಗ ನಿನಗ ಮಂದಿ ಆದ್ರಲ್ಲ, ಅಳಿಯಾ" ಎಂದಳು. ಅಷ್ಟೇ. ಮದುವೆಯ ಹಸಿರು ಚಪ್ಪರ ಒಣಗುವ ಮೊದಲೇ ಬಲೆ ಮಾರಿ, ಮಗಳನ್ನು ಕರೆದುಕೊಂಡು, ಶಹಾಪುರದ ಕಡೆ ಕಲ್ಲು ಒಡೆಯುವ ಕೂಲಿಗೆ ಹೋದಳು. ಹೊಳೆಯಲ್ಲಿ ಹುಟ್ಟಿದ ಹೆಂಗಸು, ಕಲ್ಲು ಒಡೆಯಲು! ಆಮೇಲೆ ಆ ಊರಿಗೆ ಅವಳು ಬರಲಿಲ್ಲ.

ಶರಣವ್ವನಿಗೆ ಮದುವೆಯಾದ ಮೊದಲ ವರ್ಷವೇ ಹೇಳಿದೆ. ಹಗುರಾಗಲು ಹೇಳಿದೆ, ನಾಚಿಕೆಯಿಲ್ಲದವನು. ಅವಳು ಹಿಟ್ಟಿನ ಕೈಯಲ್ಲೇ ಕೂತು ಕೇಳಿದಳು.

"ಅಂದ್ರ ನನ್ನ ಬೆಲಿ ಒಂದ ಮಡು" ಎಂದಳು. "ಅಪ್ಪ ಮಾರಿದ, ನೀ ಕೊಂಡಿ. ಮತ್ತ ನಾ ಒಲಿ ಮುಂದ ಕುಂತು, ಪರಸ್ಥಳದಾಂವ ನನ್ನ ನೋಡಿ ಹೂಂ ಅಂದಾನ ಅಂತ ತಿಳಕೊಂಡಿದ್ದೆ."

"ನೋಡಿಯೇ ಹೂಂ ಅಂದೆ" ಎಂದೆ.

"ಸುಳ್ಳ ಹೇಳಬ್ಯಾಡ. ಮಾತಾಡಿ ಮಾತಾಡಿ ಮರಸೂದು ನಿನ್ನ ಕಸುಬು, ನನ್ನ ಮುಂದ ಮಾತಾಡಬ್ಯಾಡ."

ಬಹಳ ದಿನ ನಾವು ಒಂದೇ ಮನೆಯಲ್ಲಿ ಮಾತಿಲ್ಲದೆ ಇದ್ದೆವು. ಆಮೇಲೆ ಮಕ್ಕಳಾದವು, ಮಾತು ಬಂತು. ಅವಳೊಂದಿಗೆ ನಾನು ಸುಖವಾಗಿದ್ದೆ, ಅದನ್ನೂ ಬರೆದುಬಿಡುತ್ತೇನೆ. ನನ್ನ ಸಿಟ್ಟಿಗೆ ದೊಡ್ಡ ಕಾರಣವೇ ಅದು. ಪಾಪದ ಫಲ ಕಹಿಯಾಗಿದ್ದರೆ ಉಗುಳಬಹುದಿತ್ತು. ಸಿಹಿಯಾಗಿತ್ತು, ಉಂಡೆ.

ಮರುವರ್ಷದಿಂದ ನಾನು ಹಂಚಿಕೆಯ ಕಂಬಳಿಯ ಆಚೆ, ಊರಿನವರ ಸಾಲಿನಲ್ಲಿ ಕೂರಬೇಕಾಯಿತು. ಪತ್ತಾ ಬಿಟ್ಟು ಮತ್ತೆ ಗುಂಡುಕಲ್ಲಿಗೆ ಬಂದರು. ಪ್ರತಿ ವರ್ಷ ಯಾವನೋ ಬಳೆಗಾರ, ಯಾವನೋ ಯಾತ್ರಿಕ, ಒಮ್ಮೆ ದಾರಿ ತಪ್ಪಿದ ತೆಲುಗಿನವನೊಬ್ಬ ಬಂದು ಕೂತ. ನಾನು ಅವರ ಕೈಯನ್ನು ಕಳ್ಳನ ಕೈ ನೋಡುವ ಹಾಗೆ ನೋಡುತ್ತಿದ್ದೆ. "ತೋಳ ಮ್ಯಾಲೇರಸ್ರಿ, ನೀರಾಗ ಕಣ್ಣ ಹಾಕಬ್ಯಾಡ್ರಿ" ಎಂದು ಅವರ ಮೇಲೆ ರೇಗುತ್ತಿದ್ದೆ. ಅಷ್ಟರಲ್ಲಿ ನನ್ನ ಬಾಯಿಂದ ಅವರದೇ ಮಾತು ಬರುತ್ತಿತ್ತು. ಒಬ್ಬನಾದರೂ ಮೋಸ ಮಾಡಿ ಸಿಕ್ಕಿಬಿದ್ದರೆ ನಾನೊಬ್ಬನೇ ಅಲ್ಲ ಎಂದಾಗುತ್ತಿತ್ತು. ಯಾರೂ ಸಿಗಲಿಲ್ಲ. ನಿಜಾಮರ ಆಳ್ವಿಕೆ ಹೋಯಿತು, ಪಟೇಲಿಕೆ ಹೋಯಿತು, ಹಂಚಿಕೆ ನಡೆಯುತ್ತಲೇ ಇತ್ತು. ಮೇಲೆ ಅಣೆಕಟ್ಟು ಕಟ್ಟಿ, ನೀರು ಬೇಕೆಂದಾಗ ಬಿಟ್ಟು ಬೇಡವೆಂದಾಗ ಹಿಡಿಯಲು ಶುರು ಮಾಡಿದ ಮೇಲೆ ಮಡುಗಳ ಮಾತು ಮುಗಿಯಿತು.

ಶರಣವ್ವ ತೀರಿಕೊಂಡ ಮೇಲೆ ಊರ ಹಿರಿಯರ ಮುಂದೆ ಎಲ್ಲವನ್ನೂ ಹೇಳಿದೆ. ಶಿಕ್ಷೆ ಕೊಡಿ ಎಂದು ಕೈ ಮುಗಿದೆ. ಅವರು ನಕ್ಕರು! "ಬಿಡೋ ಮುತ್ಯಾ, ಹಿಂದಿನ ಮಾತ ಯಾಕ? ಆ ಪತ್ತಾದ ಆಟ ಒಮ್ಮಿ ತೋರ್ಸು ಮತ್ತ, ನೋಡೋಣು" ಎಂದರು. ಒಬ್ಬ ಓಡಿಹೋಗಿ ಇಸ್ಪೀಟಿನ ಕಟ್ಟು ತಂದೇಬಿಟ್ಟ. ಆ ಕಟ್ಟನ್ನು ಹೊರಗೆ ಎಸೆದು ಎದ್ದು ಬಂದೆ. ಒಂದು ಮನೆ ಊರು ಬಿಟ್ಟದ್ದು ಅವರಿಗೆ ತಮಾಷೆ. ಅವರಿಗೆ ಏಕೆ ಬೈಯಲಿ, ಅವಳು ಊರು ಬಿಟ್ಟ ದಿನ ನಾನು ಹಿರೇಮಡುವಿನ ಬಾಳೆಮೀನು ತಿನ್ನುತ್ತಿದ್ದೆ.

ಯಂಕವ್ವ ಎಂದೋ ಸತ್ತಿದ್ದಳು. ನಾಗವ್ವ ಶಹಾಪುರದಲ್ಲಿ ಇದ್ದಾಳೆಂದು ತಿಳಿದು, ಕಳೆದ ಬೇಸಿಗೆಯಲ್ಲಿ ಬಸ್ಸು ಹಿಡಿದು ಹೋದೆ. ಗುಡ್ಡದ ಬುಡದ ಸಣ್ಣ ಮನೆ. ಬಾಗಿಲ ಬಳಿ ಹೊರಸಿನ ಮೇಲೆ ಕೂತಿದ್ದಳು. ಹೆಸರು ಹೇಳಿದೆ, ಗುರುತು ಹತ್ತಲಿಲ್ಲ. 'ಕಣಪ್ಪ' ಎಂದೆ. ತಲೆಯಾಡಿಸಿದಳು. ನಿಂತುಕೊಂಡೇ ಹೇಳಲು ಶುರು ಮಾಡಿದೆ. ಅರ್ಧದಲ್ಲೇ ತಡೆದಳು.

"ಗೊತ್ತೈತಿ. ಸುರಪುರದಾಗ ದರ್ಜಿ ಕಟ್ಟಿ ಮ್ಯಾಲ ನೀ ಮಾಡೂದು ನಾ ನೋಡಿದ್ದಿಲ್ಲೇನು? ಮಡು ಹಂಚೂ ದಿನಾನೂ ಹಂಗ ಅಡ್ಡ ಇಟ್ಟಿ, ಹಂಗ ನಗಿಸಿದಿ. ಅಲ್ಲೇ ಒದರಾಕ ಹೋಗಿದ್ದೆ. ಅವ್ವ ನನ್ನ ಬಾಯಿ ಮ್ಯಾಲ ಕೈ ಇಟ್ಲು."

"ಯಾಕ?" ಎಂದೆ. ನನ್ನ ಧ್ವನಿ ಎತ್ತರವಾಗಿತ್ತು. "ಯಾಕ ಸುಮ್ಮ ಕುಂತ್ಲು? ಹೇಳಿದ್ರ ಎಕ್ಕಾ ರದ್ದಾಗತಿತ್ತು. ಹಿರೇಮಡು ನಿಮ್ಮದ ಆಗತಿತ್ತು!"

"ಎದಕ್ಕ ಒದರ್ತಿ? ಕುಂದ್ರು" ಎಂದಳು ನಾಗವ್ವ. "ಪಟೇಲ ಅಲ್ಲೇ ಕುಂತಿದ್ದ, ನೆಪ್ಪೈತಿಲ್ಲೋ? ಪರಸ್ಥಳದ ಕೈ ಸುಳ್ಳಂತ ಒಮ್ಮಿ ಮಾತು ಬಂದ್ರ ಆತು, ಅಂವ ಮುಂದ ಯಾರ್ನೂ ಕುಂಡ್ರಸಗೊಡ್ತಿದ್ದಿಲ್ಲ. ವರ್ಷಾ ಅಂವಂದ ಕೈ, ಅಂವನ ಬೀಗರದ ಹಿರೇಮಡು. ಅವ್ವ ಅಂದ್ಲು, 'ಈ ವರ್ಷ ನಮ್ಮದು ಹೋತು, ಹೋಗ್ಲಿ. ಮುಂದಿನ ವರ್ಷ ಮತ್ತೊಂದ ರಂಡಿ ಮನಿಗಿ ಬರ್ಲಿ.' ಬಂತಲ್ಲ? ನೀನ ಮುಂದ ಕುಂತು ನೋಡೀದಿ."

ನೋಡಿದ್ದೆ. ತಳವಾರರ ಮನೆಯ ಅನಾಥ ಅಕ್ಕತಂಗಿಯರಿಗೆ ಒಂದು ವರ್ಷ, ಕೈ ಕಳೆದುಕೊಂಡ ಭೀಮಣ್ಣನಿಗೆ ಒಂದು ವರ್ಷ. ಆಗೆಲ್ಲ ನಾನು ಸಾಲಿನಲ್ಲಿ ಕೂತು ಚಪ್ಪಾಳೆ ಹೊಡೆದಿದ್ದೆ. ಆ ಪದ್ಧತಿ ಉಳಿದದ್ದು ನನ್ನಂಥ ಊರಿನವರ ಕಾವಲಿನಿಂದ ಎಂದು ನಂಬಿದ್ದೆ.

"ಬೈಯವ್ವ ನನಗ. ಉಗುಳು" ಎಂದೆ.

"ನಿನ್ನ ಬೈದು ನನಗೇನ ಬರತೈತಿ? ನನ್ನ ಲಗ್ನ ಆ ವರ್ಷ ಆಗಲಿಲ್ಲ. ಮುಂದ ಎಂಥಾಂವ ಸಿಕ್ಕ, ಏನ ಬಾಳೇವು ಆತು, ಅದನ್ನ ನಿನ್ನ ಮುಂದ ಹೇಳಿ ನಿನ್ನ ಹೊಟ್ಟಿ ತಣ್ಣಗ ಮಾಡ್ಲೇನು? ಮಾಡೂದಿಲ್ಲ."

ಒಳಗಿನಿಂದ ಸೊಸೆ ಕೇಳಿದಳು: "ಯಾರ್ ಬಂದಾರ್ರೀ ಅತ್ತಿ? ಚಾ ಇಡ್ಲ್ಯಾ?"

ನಾಗವ್ವ ನನ್ನನ್ನು ಒಮ್ಮೆ ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಬ್ಯಾಡ" ಎಂದಳು. "ಪರಸ್ಥಳದವರಲ್ಲ. ನಮ್ಮೂರಾಂವ."

ನರಸೀಪುರಕ್ಕೆ ಬಂದಾಗ ನನ್ನ ಅಣ್ಣನ ಮಕ್ಕಳು ನನ್ನನ್ನು ಒಳಗೆ ಕೂರಿಸಿ, ಬೆಳ್ಳಿ ಲೋಟದಲ್ಲಿ ಕಾಫಿ ಕೊಟ್ಟು, "ದೂರದಿಂದ ಬಂದಿದ್ದೀರಿ" ಎನ್ನುತ್ತಾರೆ. ಶಹಾಪುರದ ಆ ಬಾಗಿಲಲ್ಲಿ ನನಗೆ ಚಹಾ ಸಿಗಲಿಲ್ಲ, ನಾನು ಬದುಕೆಲ್ಲ ಬಯಸಿದ ಮಾತು ಸಿಕ್ಕಿತು. ಬಿಸಿಲು ಇಳಿಯುವವರೆಗೆ ಅಲ್ಲೇ ಕೂತಿದ್ದೆ. ಅವಳು ಹೋಗು ಎನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ.